ಅಪ್ಪನಿಗಾಗಿ ಬಂದವರಿಗೆ, ಪಾತ್ರೆ ಬಿಟ್ಟುಹೋದವರಿಗೆ

ಅಪ್ಪನ ಉತ್ತರಕ್ರಿಯೆ ಮೊನ್ನೆ ಮುಗಿಯಿತು. ಆಟಿ ತಿಂಗಳ ಮಳೆ ಅಷ್ಟು ಹೊಡೆಯುತ್ತಿದ್ದರೂ ನಾವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಜನ ಬಂದರು. ಎರಡನೇ ಹಂತಿಗೆ ಸಾರು ನೀರಾಯಿತು, ಮೂರನೇ ಹಂತಿಗೆ ಪಾಯಸ ಮುಗಿಯಿತು. ಯಾರೂ ಏನೂ ಹೇಳಲಿಲ್ಲ. ಎಲ್ಲರ ಹತ್ತಿರ ಕೂತು ಎರಡು ಮಾತಾಡಲು ನಮಗೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪನ ಹೃದಯ ಎರಡು ವರ್ಷದಿಂದ ಸೋಲುತ್ತಾ ಬಂದಿತ್ತು. ಕಾಲು ಬಾತರೆ ತಾವೇ ಬೆರಳಿನಿಂದ ಒತ್ತುತ್ತಿದ್ದರು. ಗುಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ, "ಇವತ್ತು ಉಪ್ಪು ಕಡಿಮೆ ಹಾಕು" ಎಂದು ಅಮ್ಮನಿಗೆ ಹೇಳುತ್ತಿದ್ದರು. ಮಿಡಿ ಉಪ್ಪಿನಕಾಯಿಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಉಸಿರು ಕಟ್ಟಿದ ರಾತ್ರಿ ನಮ್ಮ ರಸ್ತೆಗೆ ಅಕೇಶಿಯಾ ಮರ ಬಿದ್ದಿತ್ತು. ಯಾರು ಯಾರಿಗೆ ಫೋನು ಮಾಡಿದರೋ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ಏಳೆಂಟು ಜನ ಮೆಷಿನ್ ಹಿಡಿದು ಬಂದು, ಟಾರ್ಚಿನ ಬೆಳಕಿನಲ್ಲಿ ಮರ ಕಡಿದು ಆಂಬುಲೆನ್ಸಿಗೆ ದಾರಿ ಮಾಡಿದರು. ತಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ನಿಮ್ಮ ಮುಖ ನನಗೆ ಕಾಣಲಿಲ್ಲ. ಅದರ ನಂತರ ನಮಗೆ ಅಪ್ಪನೊಟ್ಟಿಗೆ 19 ದಿನ ಸಿಕ್ಕಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪ ಒಳ್ಳೆಯ ರೋಗಿಯಾಗಿರಲಿಲ್ಲ. ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡುವುದು, ಇಸಿಜಿ ಕೇಳಿ ತಾನೇ ಓದುವುದು, ಹುಡುಗ ಡಾಕ್ಟರರಿಗೆ ಪಾಠ ಮಾಡುವುದು. ರಾತ್ರಿಯ ನರ್ಸ್ ಮಲಯಾಳಿ ಹುಡುಗಿ. ಆಕೆ ಮಲಯಾಳದಲ್ಲಿ ಗದರಿಸುತ್ತಿದ್ದಳು, ಅಪ್ಪ ತಮ್ಮ ಮುರುಕು ಮಲಯಾಳದಲ್ಲಿ ವಾದ ಹೂಡುತ್ತಿದ್ದರು. ಐವತ್ತು ವರ್ಷ ಕೇರಳದಲ್ಲಿ ಡಾಕ್ಟರಿಕೆ ಮಾಡಿದ ಮನುಷ್ಯ, ಕಡೆಗೆ ಮಲಯಾಳ ತಿದ್ದಿಸಿಕೊಂಡದ್ದು ಮಂಗಳೂರಿನಲ್ಲಿ! ಆ ಹುಡುಗಿಗೆ ನಮ್ಮ ಮನೆಯ ಎಲ್ಲರ ನಮಸ್ಕಾರ.

ಅಪ್ಪ ಕಾಸರಗೋಡಿನ ಬದಿಯಡ್ಕದ ಹತ್ತಿರ ಕ್ಲಿನಿಕ್ ತೆರೆದದ್ದು 1974ರಲ್ಲಿ. ಆಗ ಕಾಸರಗೋಡು ಕಣ್ಣೂರು ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಒಂದು ಬೆಂಚು, ಒಂದು ಕುದಿಸುವ ಪಾತ್ರೆ, ಕಂಪೌಂಡರ್ ಒಬ್ಬರು. ತುಳುವಿನಲ್ಲೂ ಹವ್ಯಕರ ಮಾತಿನಲ್ಲೂ "ಬೇನೆ", ಮಲಯಾಳದಲ್ಲಿ "ವೇದನ". ಅಷ್ಟು ಗೊತ್ತಾದರೆ ಉಳಿದದ್ದನ್ನು ಕೈ ಹೇಳುತ್ತದೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ಜ್ವರ ಎಂದು ಯಾರೇ ಬಂದರೂ ಮೊದಲು ಕಾಲಿನ ಮೀನಖಂಡ ಒತ್ತುವುದು, ಆಮೇಲೆ ಕಣ್ಣು ಕೆಂಪಾಗಿದೆಯಾ ನೋಡುವುದು. ಗದ್ದೆ, ತೋಟದ ನೀರಿಗೆ ಇಳಿಯುವವರಿಗೆ ಇಲಿಜ್ವರ ಬರುವುದು ಹಾಗೆ. ತಡವಾದರೆ ಅದು ಕಿಡ್ನಿಗೆ ಹೋಗುತ್ತದೆ. "ಸಾದಾ ಜ್ವರಕ್ಕೆ ಕಾಲು ಯಾಕೆ ಹಿಚುಕುವುದು ಡಾಕ್ಟ್ರೇ" ಎಂದು ನಕ್ಕವರೊಬ್ಬರು ಮೊನ್ನೆ ಚಾವಡಿಯ ಕಂಬಕ್ಕೆ ಒರಗಿ ಸುಮ್ನೆ ಕೂತಿದ್ದರು.

ಕನ್ನಡ ಮಾತ್ರ ಓದಲು ಬರುವವರು ಮಲಯಾಳದ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಮಂಗಳೂರಿನ ಇಂಗ್ಲಿಷ್ ಫೈಲು ಹಿಡಿದುಕೊಂಡೂ ಬರುತ್ತಿದ್ದರು. ಅಪ್ಪ ಅದನ್ನೆಲ್ಲ ಓದಿ, ಚೀಟಿಯ ಹಿಂದೆ ಕನ್ನಡದಲ್ಲಿ "ಗಂಜಿ ಉಂಡ ಮೇಲೆ ಒಂದು" ಎಂದು ಬರೆದುಕೊಡುತ್ತಿದ್ದರು. ಫೀಸು ಕೇಳಿದರೆ, "ಓದಿದ್ದಕ್ಕೆಂಥ ಫೀಸು?"

2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್ ಆಯಿತಲ್ಲ, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಮಂಗಳೂರಿಗೆ ಮುಟ್ಟಲಾಗದೆ ಕೆಲವರು ಸತ್ತರು. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅಲ್ಲಿ ಮೊದಲ ರೋಗಿಗಳು ಮಲಗಿದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್‌ನವರು. ಅಪ್ಪ ಬೆಳಗ್ಗಿನಿಂದ ಫೋನಿನ ಪಕ್ಕದಲ್ಲೇ ಇರುತ್ತಿದ್ದರು. "ತಲಪಾಡಿ ತೆಗೆಯಿತಾ ಡಾಕ್ಟ್ರೇ?" ಎಂಬುದೇ ಹೆಚ್ಚಿನವರ ಮೊದಲ ಪ್ರಶ್ನೆ. ಮಂಗಳೂರಿನ ಮಾತ್ರೆ ಸಿಗದಿದ್ದರೆ, "ಕಂಪನಿ ಬೇರೆ, ಮದ್ದು ಅದೇ, ಹೆದರಬೇಡಿ" ಎಂದು ಇಲ್ಲಿ ಸಿಗುವುದರ ಹೆಸರು ಹೇಳುತ್ತಿದ್ದರು. ಅದನ್ನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸಿದ ಮೆಡಿಕಲ್ ಶಾಪಿನ ಹುಡುಗನೇ, ನಿನ್ನನ್ನು ಅಪ್ಪ ಆಸ್ಪತ್ರೆಯಲ್ಲೂ ನೆನೆಸಿದ್ದರು.

ಮನೆಗೆ ಬಂದವರಲ್ಲಿ ಸುಮಾರು ಜನ "ಡಾಕ್ಟ್ರು ನಮಗೆ ದೇವರು" ಎಂದಿರಿ. ಪ್ರೀತಿಯ ಮಾತು, ಗೊತ್ತು. ಆದರೆ ದೇವರು ಎಂದವರು ಬಿಪಿ ಮಾತ್ರೆ ಸರಿಯಾಗಿ ತಿನ್ನುವುದಿಲ್ಲ ಎಂಬುದು ಅಪ್ಪನ ಅನುಭವ! ಸಂಸಾರ ಮರೆತು ಊರಿಗೆ ದುಡಿದರು ಎನ್ನುವುದೂ ಪೂರ್ತಿ ಸರಿಯಲ್ಲ. ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದದ್ದು ಒಂದೇ ಸಲ, ಅದೂ ಪರದೆ ಬಿದ್ದ ಮೇಲೆ. ಆದರೆ ಬೇಸಿಗೆಯ ಭಾನುವಾರ ಮಧ್ಯಾಹ್ನ ಅವರು ನಮ್ಮವರು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹಲಸಿನ ಹಣ್ಣು ಕೊರೆಯಲು ಕೂರುತ್ತಿದ್ದರು. ಒಂದು ತೊಳೆಯೂ ಹರಿಯದ ಹಾಗೆ, ಆಪರೇಷನ್ ಮಾಡುವಷ್ಟು ನಿಧಾನ. ಅಮ್ಮ "ಇವರೇ, ಕತ್ತಲಾಯಿತು" ಎನ್ನುತ್ತಿದ್ದರು. ಆಗ ಯಾರಾದರೂ ಬಾಗಿಲು ತಟ್ಟಿದರೆ, ಮೇಣದ ಕೈ ಎತ್ತಿ ತೋರಿಸಿ, "ಕೂತುಕೊಳ್ಳಿ, ನಿಮಗೂ ನಾಲ್ಕು ತೊಳೆ."

ಇನ್ನು ಪಾತ್ರೆಗಳ ವಿಷಯ. ಆ 19 ದಿನ ಅಮ್ಮನಿಗೆ ಅಡಿಗೆ ಮಾಡಲು ನೀವು ಬಿಡಲಿಲ್ಲ. ಪತ್ರೊಡೆ, ಕೆಸುವಿನ ದಂಟಿನ ಸಾಂಬಾರು, ಗಂಜಿ, ಚಟ್ನಿ. ಈಗ ಚಾವಡಿಯಲ್ಲಿ 23 ಪಾತ್ರೆ ತೊಳೆದು ಕವುಚಿಟ್ಟಿದ್ದೇವೆ. ಮನೆಗೆ ಬಂದ ಪಾತ್ರೆ ಬರಿದಾಗಿ ಹೋಗಬಾರದೆಂದು ಅಮ್ಮ ಒಂದೊಂದರಲ್ಲೂ ಸ್ವಲ್ಪ ಹಲಸಿನ ಹಪ್ಪಳ ಹಾಕಿಡುತ್ತಾರಂತೆ. ಸಂಜೆ ಹೊತ್ತು ಬನ್ನಿ, ಅಮ್ಮ ಮನೆಯಲ್ಲೇ ಇರುತ್ತಾರೆ. ಮುಚ್ಚಳಕ್ಕೆ ಕೆಂಪು ನೂಲು ಕಟ್ಟಿದ ತೂಕುಪಾತ್ರೆ ಯಾರದ್ದು ಎಂದು ಮಾತ್ರ ನಮಗೆ ಗೊತ್ತಾಗಲೇ ಇಲ್ಲ. ದಿನಾ ಬೆಳಗ್ಗೆ ಅದರಲ್ಲಿ ಗಂಜಿ ಬರುತ್ತಿತ್ತು, ಜಗಲಿಯಲ್ಲಿಟ್ಟು ಹೋಗಿರುತ್ತಿದ್ದರು. ದಯವಿಟ್ಟು ಹೇಳಿ ಕಳಿಸಿ.