ಮಳೆ ಬಿಟ್ಟಿತು, ಚಿಕಿತ್ಸೆ ಮುಗಿಯಿತು, ಎಲ್ಲರಿಗೂ ವಂದನೆ

ಎಲ್ಲರಿಗೂ ವಂದನೆಗಳು. ನನ್ನ ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಯಿತು. ರೇಡಿಯೇಷನ್ ಸೆಪ್ಟೆಂಬರ್ ಕೊನೆಗೇ ಆಯ್ತು, ಈಗ ದಿನಕ್ಕೊಂದು ಮಾತ್ರೆ, ಆಗಾಗ ಚೆಕಪ್, ಅಷ್ಟೇ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುತ್ತಾ ಕೂತರೆ ಕ್ರಿಸ್‌ಮಸ್ ಬಂದುಬಿಡುತ್ತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಸರ ಮಾಡ್ಕೋಬೇಡಿ. ಎಷ್ಟೋ ಸಮಯದ ನಂತರ ಮಾತಾಡಲು ಶಕ್ತಿ ಬಂದಿದೆ.

ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಫೆಬ್ರವರಿಯಲ್ಲಿ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವು ಇರಲಿಲ್ಲ. ನೋವಿಲ್ಲದ ಗಂಟಿಗೆ ಯಾರು ಡಾಕ್ಟರ ಹತ್ತಿರ ಹೋಗ್ತಾರೆ ಅನ್ನುವ ಅಕ್ಕಂದಿರೇ, ದಯವಿಟ್ಟು ಹೋಗಿ, ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನನ್ನನ್ನು ಎಳೆದುಕೊಂಡು ಹೋದದ್ದು ಮಗಳು. ಅವಳಿಗೆ ಮೊದಲ ಥ್ಯಾಂಕ್ಸ್. ಈಸ್ಟರ್ ಹತ್ತಿರ ಆಪರೇಷನ್ ಆಯ್ತು, ಆಮೇಲೆ ಕೀಮೋ ಶುರು.

ಕೀಮೋ ಮತ್ತು ಮಳೆಗಾಲ ಒಟ್ಟೊಟ್ಟಿಗೆ ಬಂದವು. ಮಂಗಳೂರಿನ ಮಳೆ ನಿಮಗೆ ಗೊತ್ತೇ ಉಂಟಲ್ಲ, ಬಟ್ಟೆ ಒಣಗಲ್ಲ, ಗೋಡೆಗೆ ಬೂಸರು, ಮನೆಯೊಳಗೆ ಹಗಲೇ ಕತ್ತಲೆ. ಪ್ರತಿ ಸಲ ಔಷಧಿ ಹತ್ತಿಸಿಕೊಂಡು ಬಂದ ಮೇಲೆ ವಾರ ಹತ್ತು ದಿನದ ಹೊತ್ತಿಗೆ ರಕ್ತದ ಬಿಳಿ ಕಣಗಳು ತೀರಾ ಇಳಿಯುತ್ತವೆ, ಆಗ ಒಂದು ಸಣ್ಣ ಶೀತ ಬಂದರೂ ಕಷ್ಟ, ಜನ ಸೇರುವ ಕಡೆ ಹೋಗಲೇಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಆರಾಧನೆ ಇಲ್ಲ, ಪ್ರಾರ್ಥನಾ ಕೂಟ ಇಲ್ಲ, ಮದುವೆ ಇಲ್ಲ, ಸಾವಿಗೂ ಹೋಗುವ ಹಾಗಿಲ್ಲ. ಬಾಯಲ್ಲಿ ಸದಾ ಕಬ್ಬಿಣದ ರುಚಿ. ಮೀನು ಸಾರಿನ ವಾಸನೆ ಬಂದರೆ ಓಡಬೇಕು. ಮೀನು ಬೇಡ ಅನ್ನುವ ಮಂಗಳೂರಿನ ಹೆಂಗಸು, ಊಹಿಸಿಕೊಳ್ಳಿ!

ಆಗ ನನ್ನನ್ನು ಉಳಿಸಿದ್ದು ಕುಚ್ಚಲಕ್ಕಿ ಗಂಜಿ. ನಮ್ಮ ಸಭೆಯ, ಅಂದರೆ ಚರ್ಚಿನ, ಸ್ತ್ರೀಯರ ಕೂಟದವರು ತಮ್ಮೊಳಗೇ ಪಾಳಿ ಹಾಕಿಕೊಂಡು ತಂದಿಟ್ಟು ಹೋಗುತ್ತಿದ್ದರು. ಬೆಲ್ ಮಾಡುತ್ತಿರಲಿಲ್ಲ, ಒಳಗೆ ಬರುತ್ತಿರಲಿಲ್ಲ. ಜಗಲಿಯ ಕುರ್ಚಿ ಮೇಲೆ ಡಬ್ಬ ಇಟ್ಟು, ಗೇಟಿನ ಆಚೆ ಹೋಗಿ, ಕೊಡೆ ಹಿಡಿದು ನಿಂತು "ಬಿಸಿ ಉಂಟು, ಈಗಲೇ ಉಣ್ಣು ಮಾರಾಯ್ತಿ" ಅಂತ ಕೂಗಿ ಹೋಗುವವರು. ಒಬ್ಬ ಆಂಟಿಯಂತೂ ಉಪ್ಪಿನಕಾಯಿಯಲ್ಲಿ ಖಾರ ಕಡಿಮೆ ಮಾಡಲು ಬೇರೆಯೇ ಭರಣಿ ಹಾಕಿದರಂತೆ, ನನ್ನ ಬಾಯಿ ಹುಣ್ಣಾಗಿದೆ ಅಂತ ಕೇಳಿ. ಅವರ ಹೆಸರು ಬರೆದರೆ ಬೈಯುತ್ತಾರೆ, ಬರೆಯುವುದಿಲ್ಲ.

ಸಭಾಪಾಲಕರೂ ಅವರ ಮನೆಯವರೂ ಕಿಟಕಿಯ ಹೊರಗೆ ನಿಂತೇ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಒಂದು ದಿನ ಜೋರು ಮಳೆ, ಅವರು ಹೇಳಿದ್ದು ನನಗೆ ಒಂದಕ್ಷರ ಕೇಳಿಸಲಿಲ್ಲ. ಆಮೆನ್ ಮಾತ್ರ ಕೇಳಿಸಿತು, ನಾನೂ ಆಮೆನ್ ಅಂದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ರಿಕ್ಷಾದ ಅಣ್ಣ, ನಮ್ಮ ಸಭೆಯವರಲ್ಲ, ನಮ್ಮ ಮತದವರೂ ಅಲ್ಲ, ಹೊಂಡ ಬಂದಾಗಲೆಲ್ಲ ಗಾಡಿ ನಿಲ್ಲಿಸಿ ಮೆಲ್ಲಗೆ ಇಳಿಸುತ್ತಿದ್ದರು. ವೇಯ್ಟಿಂಗ್ ಚಾರ್ಜ್ ಕೊಟ್ಟರೆ ತಗೊಳ್ಳಲಿಲ್ಲ. ಕೀಮೋ ವಾರ್ಡಿನ ಸಿಸ್ಟರುಗಳು, ರಕ್ತನಾಳ ಸಿಗದೆ ನಾನು ಅಳುವಾಗ ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಬಿಸಿ ಮಾಡಿದವರು. ಇವರಿಗೆಲ್ಲ ಎಷ್ಟು ವಂದನೆ ಹೇಳಿದರೂ ಕಡಿಮೆಯೇ.

ಈಗ ಸ್ವಲ್ಪ ಕಷ್ಟದ ವಿಷಯ. ಎಲ್ಲರೂ ಫೋನಿನಲ್ಲಿ "ನಿನ್ನ ನಂಬಿಕೆ ದೊಡ್ಡದು" ಅನ್ನುತ್ತಿದ್ದರು. ಇರಲಿಲ್ಲ. ಜುಲೈ ಹೊತ್ತಿಗೆ ನನಗೆ ಪ್ರಾರ್ಥನೆ ಬರುವುದೇ ನಿಂತುಹೋಗಿತ್ತು. ಸಿಟ್ಟಿನಿಂದ ಅಲ್ಲ, ಸುಮ್ನೆ ಬರುತ್ತಿರಲಿಲ್ಲ. ಬೈಬಲ್ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿ ಮುಚ್ಚುವುದು. ಆ ಸಮಯದಲ್ಲಿ ನನಗೆ ನೆನಪಾಗುತ್ತಿದ್ದ ಕಥೆ ಒಂದೇ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದದ್ದು, ಬಾಗಿಲಲ್ಲಿ ಜನ ತುಂಬಿ ಜಾಗ ಸಿಗದೆ ಮನೆಯ ಮಾಡು ಹತ್ತಿ ಅವನನ್ನು ಯೇಸುವಿನ ಮುಂದೆ ಇಳಿಸಿದ್ದು. ಸುವಾರ್ತೆ ಬರೆದವರಲ್ಲಿ ನಾಲ್ಕು ಜನ ಅಂತ ಹೇಳುವುದು ಮಾರ್ಕ. ಲೂಕ ಮಾತ್ರ ಹಂಚು ತೆಗೆದರು ಅಂತ ಬರೆಯುತ್ತಾನೆ. ಭಾನುವಾರ ಶಾಲೆಯಲ್ಲಿ ಇದು ನಮಗೆ ತುಂಬಾ ಇಷ್ಟದ ಕಥೆ, ಯಾಕಂದ್ರೆ ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಆ ಕೆಲಸದಿಂದಲೇ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯಿತು. ಯಾರ ಮನೆಯ ಹಂಚು ತೆಗೆದರೋ, ಅವನು ಬೈಯಲಿಲ್ವಾ ಅಂತ ಅಜ್ಜ ನಗುತ್ತಿದ್ದರು.

ಆದರೆ ಈ ಸಲ ಓದುವಾಗ ಬೇರೆ ಒಂದು ಮಾತು ಕಣ್ಣಿಗೆ ಬಿತ್ತು. ಯೇಸು "ಅವರ ನಂಬಿಕೆಯನ್ನು" ನೋಡಿ ಮಾತಾಡಿದ ಅಂತ ಉಂಟು. ಅವರ! ಹಾಸಿಗೆಯಲ್ಲಿದ್ದವನು ಅಲ್ಲಿಯವರೆಗೆ ಬಾಯಿ ಬಿಟ್ಟು ಏನೂ ಕೇಳಿಲ್ಲ. ಕೇಳಲು ಆಗುತ್ತಿತ್ತೋ ಇಲ್ಲವೋ. ಹೊತ್ತವರ ನಂಬಿಕೆ ಸಾಕಾಯ್ತು. ನಾನು ಎಷ್ಟು ಹಗುರ ಆದೆ ಅಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಗಂಜಿ ತಂದವರೇ, ಕಿಟಕಿ ಹತ್ತಿರ ನಿಂತವರೇ, ದುಬೈಯಿಂದ ರಾತ್ರಿ ಹೊತ್ತು ಕೀರ್ತನೆ ಓದಿ ಆಡಿಯೋ ಕಳಿಸಿದ ತಮ್ಮನೇ, ಹೊತ್ತವರು ನೀವು. ನಾನು ಈ ಬರಹ ಬರೆಯಬೇಕು ಅಂದುಕೊಂಡದ್ದೇ ಇದನ್ನು ಹೇಳಲಿಕ್ಕೆ.

ಸೆಪ್ಟೆಂಬರ್ ಬಂತು. ಪಕ್ಕದ ಮನೆಯ ಹೆಂಗಸು, ನಾವು ಬಾಯಿ ಅಂತ ಕರೆಯುವುದು, ಕಥೋಲಿಕರು, ನಾವು ಸಿಎಸ್‌ಐ, ಅಂದರೆ ಪ್ರೊಟೆಸ್ಟಂಟ್ ಸಭೆಯವರು. ಅವರಿಗೆ 8ನೇ ತಾರೀಕು ಮೊಂತಿ ಹಬ್ಬ, ಮೇರಿಯಮ್ಮನ ಜನ್ಮದಿನ, ಹೊಸ ತೆನೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದುಕೊಂಡು ಇಗರ್ಜಿಗೆ ಹೋಗುವುದನ್ನು ನಾನು ಕಿಟಕಿಯಿಂದಲೇ ನೋಡುತ್ತಿದ್ದೆ. ಹಬ್ಬದ ದಿನ ಬಾಯಿ ಬಾಳೆ ಎಲೆಯಲ್ಲಿ ಊಟ ಕಟ್ಟಿ ತಂದರು, ಮೀನು ಮಾಂಸ ಇಲ್ಲದ ಊಟ, ಪಲ್ಯಗಳು ಬೆಸ ಸಂಖ್ಯೆಯಲ್ಲೇ ಇರಬೇಕು ಅವರಿಗೆ. ಹರಿವೆ, ಬೆಂಡೆ, ಅಲಸಂಡೆ, ಕೆಸುವಿನ ದಂಟು. ಹೊಸ ಭತ್ತದ ಕಾಳನ್ನು ಪುಡಿ ಮಾಡಿ ಹಾಕಿದ ಪಾಯಸ. ಕೀಮೋ ಮುಗಿದು ಕೆಲವು ವಾರ ಆಗಿತ್ತು, ನಾಲಗೆ ಸತ್ತೇ ಹೋಯ್ತು ಅಂತ ನಾನು ಬಿಟ್ಟುಬಿಟ್ಟಿದ್ದೆ. ಅಲಸಂಡೆ ಬಾಯಿಗಿಟ್ಟೆ. ಅಲಸಂಡೆಯದ್ದೇ ರುಚಿ! ಕಬ್ಬಿಣ ಇಲ್ಲ. ನಮ್ಮ ಯಜಮಾನರನ್ನು ಕರೆದು ಹೇಳಿದೆ, ಇವರು ಏನೋ ಆಯ್ತು ಅಂತ ಗಾಬರಿಯಿಂದ ಓಡಿ ಬಂದರು.

ಇಂಗ್ಲಿಷ್ ಪುಸ್ತಕಗಳಲ್ಲಿ ಈ ಕಾಲವೆಂದರೆ ಎಲೆ ಉದುರುವ ಕಾಲ, ಕೆಂಪು ಹಳದಿ ಮರಗಳ ಚಿತ್ರ. ನಮ್ಮಲ್ಲಿ ಎಲ್ಲಿ, ರಬ್ಬರ್ ತೋಟ ಬೋಳಾಗಲು ಡಿಸೆಂಬರ್ ಜನವರಿ ಬರಬೇಕು. ನಮ್ಮಲ್ಲಿ ಈಗ ಗದ್ದೆ ಕೊಯ್ಲು. ನನ್ನ ತವರು ಮೂಲ್ಕಿ ಹತ್ತಿರ. ಅಣ್ಣ ಅತ್ತಿಗೆ ಈಗಲೂ ಸ್ವಲ್ಪ ಗದ್ದೆ ಮಾಡುತ್ತಾರೆ. ಜೂನಿನಲ್ಲಿ ನೆಟ್ಟ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯನ್ನು ಈ ಹೊತ್ತಿಗೆ ಕೊಯ್ಯುತ್ತಾರೆ, ನೀರು ಇರುವ ಗದ್ದೆಯಾದರೆ ಆ ಕೂಳೆ ಇನ್ನೂ ಹಸಿ ಇರುವಾಗಲೇ ಉತ್ತು ಸುಗ್ಗಿ, ಅಂದರೆ ಎರಡನೇ ಬೆಳೆಗೆ ಬಿತ್ತನೆ. ಗದ್ದೆಗೆ ರಜೆಯೇ ಇಲ್ಲ.

ಬೈಬಲಿನ ನಾಡಿನಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ಬೇಸಿಗೆ ಪೂರ್ತಿ ಒಣಗಿ, ಅಕ್ಟೋಬರ್ ನವೆಂಬರ್ ಸುಮಾರಿಗೆ ಮೊದಲ ಮಳೆ ಬೀಳುತ್ತದೆ, ನೆಲ ಮೆತ್ತಗಾಗುತ್ತದೆ, ಆಮೇಲೆ ಉಳುವುದು ಬಿತ್ತುವುದು. ನಮ್ಮಲ್ಲಿ ಮಳೆ ಬಿಡುವ ಹೊತ್ತಿಗೆ ಅವರಿಗೆ ಶುರು. ಆದರೂ ನೋಡಿ, ಬಿತ್ತನೆ ಎರಡೂ ಕಡೆ ಇದೇ ಕಾಲಕ್ಕೆ! ಇದನ್ನು ಅಣ್ಣನಿಗೆ ಹೇಳಿದರೆ "ಹೌದಾ, ಅಲ್ಲಿ ಕೆಲಸದವರು ಸಿಗ್ತಾರಾ?" ಅಂತ ಕೇಳಿದ. ಅವನ ಚಿಂತೆ ಅವನಿಗೆ.

ನಮ್ಮ ಸಭೆಯ ಹಿರಿಯರ ಕಥೆಯೂ ಮಳೆ ಬಿಟ್ಟ ಮೇಲೆಯೇ ಶುರುವಾದದ್ದು. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ 30ಕ್ಕೆ. ಮಳೆಗಾಲದ ಕಡಲು ಆಗಿನ ಹಾಯಿ ಹಡಗುಗಳಿಗೆ ಆಗುತ್ತಿರಲಿಲ್ಲ. ಈಗಲೂ ಯಾಂತ್ರಿಕ ಬೋಟುಗಳು ಜೂನ್ ಜುಲೈ ಎರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕರಾವಳಿಯವರಿಗೆ ಕಾಯುವುದು ಹೊಸದಲ್ಲ, ಅಲ್ವಾ?

ಅಕ್ಟೋಬರಿನಲ್ಲಿ ನಮ್ಮ ಬೆಳೆ ಹಬ್ಬ. ಡಾಕ್ಟರು ಹೋಗಬಹುದು ಅಂದರು. ದೇವರಿಗೆ ಪ್ರಥಮಫಲ ತರಬೇಕು, ನನ್ನ ಹತ್ತಿರ ಏನಿದೆ? ಎಲ್ಲರೂ ಸೌತೆಕಾಯಿ, ಬಾಳೆಗೊನೆ, ತೆಂಗಿನಕಾಯಿ, ಊರಿನ ಕೋಳಿ ತರುತ್ತಾರೆ. ನನ್ನ ಮನೆಯಲ್ಲಿ ಈ ವರ್ಷ ಒಂದು ಬಸಳೆ ಬಳ್ಳಿಯೂ ಉಳಿದಿಲ್ಲ. ಕಡೆಗೆ ನನ್ನ ಹೊಲಿಗೆ ಮಿಷನ್ನಿನ ಮೇಲಿನ ಬಟ್ಟೆ ಸರಿಸಿ, ಉಳಿದ ತುಂಡು ಬಟ್ಟೆಗಳನ್ನು ಸೇರಿಸಿ ಒಂದು ಚೀಲ ಹೊಲಿದೆ. ಕಂಕುಳಲ್ಲಿ ಆಪರೇಷನ್ ಆದ ಕೈ, ಜಾಸ್ತಿ ಹೊತ್ತು ಕೆಲಸ ಮಾಡಿದರೆ ಬಾತುಕೊಳ್ಳುತ್ತದೆ. ಒಂದು ಬದಿಯ ಹೊಲಿಗೆ ಸೊಟ್ಟ. ಆದರೂ ಆಪರೇಷನ್ ಆದ ಮೇಲೆ ನನ್ನ ಕೈಯಿಂದ ಆದ ಮೊದಲ ಕೆಲಸ ಅದು, ಅದನ್ನೇ ತಗೊಂಡು ಹೋದೆ.

ಆರಾಧನೆಯಲ್ಲಿ ಬೈಬಲಿನ ಯೋವೇಲನ ಪುಸ್ತಕ ಓದಿದರು. ಮುಂಗಾರು ಹಿಂಗಾರು ಮಳೆ ಕೊಡುತ್ತೇನೆ, ಮಿಡತೆ ತಿಂದುಹಾಕಿದ ವರ್ಷಗಳನ್ನು ತುಂಬಿಕೊಡುತ್ತೇನೆ ಅನ್ನುವ ಭಾಗ. ಸ್ಕಾರ್ಫ್ ಕಟ್ಟಿದ ತಲೆ ಬಗ್ಗಿಸಿ ಕೂತಿದ್ದವಳಿಗೆ ಅಲ್ಲಿ ಕಣ್ಣೀರು ನಿಲ್ಲಲಿಲ್ಲ. ಮಿಡತೆ ಬಂದೇ ಇಲ್ಲ ಅಂತ ದೇವರು ಹೇಳುವುದಿಲ್ಲ, ನೋಡಿ. ತಿಂದದ್ದು ತಿಂದದ್ದೇ. ಅದು ನನಗೆ ತುಂಬಾ ಸಮಾಧಾನ ಕೊಟ್ಟ ಮಾತು.

ಆಮೇಲೆ ಅಂಗಳದಲ್ಲಿ ಏಲಂ. ನಮ್ಮ ಬೆಳೆ ಹಬ್ಬದ ಏಲಂ ನೋಡದವರು ಒಮ್ಮೆ ನೋಡಬೇಕು. ಒಂದು ಡಜನ್ ಮೊಟ್ಟೆಗೆ ಅಣ್ಣ ತಮ್ಮಂದಿರೇ ಹಟ ಹಿಡಿದು ಕೂಗುತ್ತಾರೆ, ಗೆದ್ದವರು ಅದನ್ನು ವಾಪಸ್ ಕೊಟ್ಟು ಇನ್ನೊಮ್ಮೆ ಏಲಂ ಹಾಕಿಸುತ್ತಾರೆ. ನನ್ನ ಚೀಲ ಎತ್ತಿದಾಗ ನಾಚಿಕೆಯಿಂದ ಹಿಂದೆ ಹೋಗಿ ನಿಂತೆ. ಯೌವನಸ್ಥರ ಸಂಘದ ಹುಡುಗ ಐವತ್ತು ಅಂದ, ಗಾಯನ ಮಂಡಳಿಯ ಕಡೆಯಿಂದ ನೂರು, ಆಮೇಲೆ ಇನ್ನೂರು, ಐನೂರು. ಕೊಂಡವರು ವಾಪಸ್ ಕೊಟ್ಟರು. ಮತ್ತೆ ಏಲಂ, ಮತ್ತೆ ವಾಪಸ್. ಸೊಟ್ಟ ಹೊಲಿಗೆಯ ಚೀಲ ಸಾವಿರ ದಾಟಿ ಹೋಯ್ತು. ಕಡೆಗೆ ಅದು ಸಿಕ್ಕಿದ್ದು ಒಬ್ಬ ವಯಸ್ಸಾದ ದೊಡ್ಡಮ್ಮನಿಗೆ. ಅವರು ಕಾಲು ಕಟ್ಟಿದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹೊಲಿಗೆ ಬಿಟ್ಟರೆ ನೀನೇ ಹಾಕಿಕೊಡಬೇಕು ಆಯ್ತಾ" ಅಂದರು. ಆಯ್ತು ದೊಡ್ಡಮ್ಮ ಅಂದೆ.

ಹೆದರಿಕೆ ಪೂರ್ತಿ ಹೋಗಿದೆ ಅಂತ ಅಲ್ಲ. ಮುಂದಿನ ಸ್ಕ್ಯಾನಿನ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ಅದರ ಮುಂದೆ ಹೋಗುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆದರೆ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರೆ ಈಗ ಮಾತು ಬರುತ್ತದೆ. ಚಿಕ್ಕ ಚಿಕ್ಕ ಮಾತು. ಹೆಚ್ಚಾಗಿ ನಿಮ್ಮ ಹೆಸರುಗಳೇ.

ಇನ್ನು ವ್ಯವಹಾರದ ವಿಷಯ. ಕ್ರಿಸ್‌ಮಸ್ಸಿಗೆ ಹೊಲಿಯಲು ನಿಮ್ಮ ಬಟ್ಟೆ ತೆಗೆದುಕೊಳ್ಳುತ್ತಿದ್ದೇನೆ, ಆದರೆ ಸ್ವಲ್ಪವೇ, ನವೆಂಬರ್ ಇಪ್ಪತ್ತರ ಒಳಗೆ ಕೊಡಬೇಕು, ಲೈನಿಂಗ್ ಬ್ಲೌಸ್ ಈ ವರ್ಷ ಬೇಡ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಸಭೆಯ ಹೊಸ ವರ್ಷ ಶುರುವಾಗುವ ದಿನ, ಆರಾಧನೆಯಲ್ಲಿ ಕೃತಜ್ಞತಾ ಕಾಣಿಕೆ ಕೊಡುತ್ತಿದ್ದೇವೆ. ಮುಗಿದ ಮೇಲೆ ಎಲ್ಲರೂ ಮನೆಗೆ ಬನ್ನಿ, ಟೀ ಮತ್ತು ಗೋಳಿಬಜೆ ಉಂಟು. ರಿಕ್ಷಾದ ಅಣ್ಣನಿಗೂ ಬಾಯಿಗೂ ಹೇಳಿಯಾಗಿದೆ. ನಿಮ್ಮ ಸ್ಟೀಲ್ ಡಬ್ಬಗಳು ನಮ್ಮ ಅಡುಗೆ ಮನೆಯ ಅಟ್ಟದಲ್ಲಿ ರಾಶಿ ಬಿದ್ದಿವೆ, ಹೆಸರು ಕೊರೆಸಿದವನ್ನು ಬೇರೆ ಇಟ್ಟಿದ್ದೇನೆ, ಉಳಿದವನ್ನು ನೀವೇ ಗುರುತು ಹಿಡಿಯಬೇಕು. ಬರೀ ಡಬ್ಬ ಕೊಟ್ಟು ಕಳಿಸುವುದಿಲ್ಲ. ಹಸಿರು ಮುಚ್ಚಳದ ಫ್ಲಾಸ್ಕ್ ಯಾರದೆಂದು ಮಾತ್ರ ಯಾರಿಗೂ ಗೊತ್ತಾಗುತ್ತಿಲ್ಲ, ಅದರ ಯಜಮಾನರು ಖಂಡಿತ ಬನ್ನಿ.