ಮೋರಿ ಖಾಲಿ, ರಸ್ತೆ ಕೆರೆ

ಸಂಪಾದಕರಿಗೆ,

ಬೆಂಗಳೂರಿನಲ್ಲಿ ಜೋರು ಮಳೆ ಬಂದಾಗಲೆಲ್ಲ ರಾಜಕಾಲುವೆ ಒತ್ತುವರಿಯ ಮಾತೇಳುತ್ತದೆ. ತೆರವು ಆಗಲೇಬೇಕು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗ ರೈಲು ಹಳಿಯಡಿಯ ಕಿರಿದಾದ ಕಿಂಡಿಗಳು ರಾಜಕಾಲುವೆಯ ನೀರನ್ನು ತಡೆದು ನಿಲ್ಲಿಸಿದ್ದವು. ಆದರೆ ಎಷ್ಟೋ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗಲೂ ಫುಟ್‌ಪಾತ್ ಅಡಿಯ ಮೋರಿ ಅರ್ಧ ಖಾಲಿಯೇ ಇರುತ್ತದೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳತ್ತ ನೀರು ತಾನಾಗಿ ಹರಿದುಹೋಗುವ ದಿಣ್ಣೆಯ ಊರಿದು. ಇಲ್ಲಿ ನೀರು ನಿಂತಿದೆಯೆಂದರೆ ಮೊದಲು ನೋಡಬೇಕಾದದ್ದು ಮೋರಿಯ ಬಾಯಿ, ಅಂದರೆ ರಸ್ತೆಯ ನೀರು ಮೋರಿಗಿಳಿಯುವ ಕಿಂಡಿ.

ಡಾಂಬರು, ಕಾಂಕ್ರೀಟು, ತಾರಸಿಗಳೇ ತುಂಬಿದ ಒಂದು ಹೆಕ್ಟೇರ್ ಜಾಗದಲ್ಲಿ ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ಸೆಕೆಂಡಿಗೆ ಸುಮಾರು 150 ಲೀಟರ್ ನೀರು ರಸ್ತೆಗೆ ಬರುತ್ತದೆ. ರಸ್ತೆ ಅಂಚಿನಲ್ಲಿ ಮೋರಿಗೆ ಬಾಯಾಗಿ ಇಡುವ ಆರು ಇಂಚಿನ ಪೈಪು, ಅದರ ನಡುಮಟ್ಟದಿಂದ ಅರ್ಧ ಅಡಿ ಮೇಲೆ ನೀರು ನಿಂತರೂ, ಎಳೆದುಕೊಳ್ಳುವುದು ಸೆಕೆಂಡಿಗೆ 18 ಲೀಟರ್. ಅದೂ ಪೂರ್ತಿ ಸ್ವಚ್ಛವಿದ್ದರೆ. ಅಂದರೆ ಹೆಕ್ಟೇರಿಗೆ ಎಂಟೊಂಬತ್ತು ಬಾಯಿ ಬೇಕು; ಎಲೆ, ಪ್ಲಾಸ್ಟಿಕ್ ಅರ್ಧ ಮುಚ್ಚುವುದನ್ನೂ ಲೆಕ್ಕ ಹಿಡಿದರೆ ಅದರ ದುಪ್ಪಟ್ಟು. ಪೈಪಿನ ಬದಲು ಅಗಲವಾದ ಕಬ್ಬಿಣದ ಜಾಲರಿ ಹಾಕಿ, ಅದನ್ನು ರಸ್ತೆಮಟ್ಟಕ್ಕಿಂತ ಒಂದಿಂಚು ತಗ್ಗಿಸಿ, ಕೆಳಗೆ ಹೂಳು ಕೂರಲು ಒಂದಡಿ ಗುಂಡಿ ಬಿಡುವುದು ಇನ್ನೂ ಒಳ್ಳೆಯದು.

ಇದ್ದ ಬಾಯಿಯನ್ನು ಮುಚ್ಚಿಹಾಕುವುದು ಮರುಡಾಂಬರು. ಹಳೆಯ ಪದರವನ್ನು ಕೆರೆದು ತೆಗೆಯದೆ ಪ್ರತಿಸಲವೂ 40 ಮಿ.ಮೀ. ಹಾಕುತ್ತಾ ಹೋದರೆ ಮೂರನೆಯ ಸಲಕ್ಕೆ ಆರಿಂಚಿನ ಕಿಂಡಿಯಲ್ಲಿ ಉಳಿಯುವುದು ಬರೀ ಒಂದಿಂಚು. ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗುವುದೂ ಹೀಗೆಯೇ.

ಇನ್ನು ಹೂಳು. ಒಂದು ಮೀಟರ್ ಆಳ, ಒಂದು ಮೀಟರ್ ಅಗಲದ ಮೋರಿಯಲ್ಲಿ ಒಂದಡಿ ಹೂಳು ಕೂತರೆ ಹರಿವು ಮೂರರಲ್ಲೊಂದು ಪಾಲಿಗಿಂತ ಹೆಚ್ಚೇ ಕುಗ್ಗುತ್ತದೆ. ಹೂಳೆತ್ತುವುದನ್ನು ರಾಜಕಾಲುವೆ ಸೇರುವ ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೇಲಿನಿಂದ ಶುರುಮಾಡಿದರೆ ಕದಡಿದ ಹೂಳು ಕೆಳಗೆ ಹೋಗಿ ಅಲ್ಲೇ ಕೂರುತ್ತದೆ. ಎತ್ತಿದ್ದನ್ನು ಮೋರಿ ಪಕ್ಕದಲ್ಲೇ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗೇ ಅದು ವಾಪಸು ಒಳಗಿಳಿಯುತ್ತದೆ. ಮೋರಿಗೆ ಅಡ್ಡಲಾಗಿ ಹಾಯ್ದ ನೀರಿನ ಪೈಪು, ಕೇಬಲ್‌ಗಳನ್ನೂ ಅದೇ ಹೊತ್ತಿನಲ್ಲಿ ಗುರುತಿಸಿ ಸ್ಥಳಾಂತರಿಸಬೇಕು. ಚೀಲ, ಹಾಸಿಗೆ ಸಿಕ್ಕಿಕೊಂಡು ಅಣೆಕಟ್ಟೆಯಾಗುವುದು ಅಲ್ಲೇ.

ನಗರದ ಪಾಲಿಕೆಗಳು ಡಾಂಬರು ಕಾಮಗಾರಿಯ ಟೆಂಡರಿಗೆ ಒಂದು ಷರತ್ತು ಸೇರಿಸಲಿ. ಕೆಲಸ ಮುಗಿದ ಮೇಲೆ, ಸಂಸ್ಕರಿಸಿದ ನೀರನ್ನು ಟ್ಯಾಂಕರಿನಲ್ಲಿ ತಂದು, ಬಡಾವಣೆಯ ನಿವಾಸಿಗಳ ಎದುರಿಗೆ ರಸ್ತೆಯ ಮೇಲ್ತುದಿಯಲ್ಲಿ ಬಿಡಬೇಕು. ಅದು ಎಲ್ಲೂ ನಿಲ್ಲದೆ ಜಾಲರಿಗಳಲ್ಲಿ ಇಳಿದರಷ್ಟೇ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿಯಾಗಲಿ.

— ಸಿವಿಲ್ ಎಂಜಿನಿಯರ್, ಬೆಂಗಳೂರು