ಪಿ ಮೌಲ್ಯದ ಜೊತೆ ಅಂತರದ ಗಾತ್ರವನ್ನೂ ತಿಳಿಸಿ

ಮಾನ್ಯರೇ,

ಮನೋವಿಜ್ಞಾನದ ಸಂಶೋಧನೆಗಳ ಕುರಿತ ವರದಿಗಳಲ್ಲಿ ‘ಪಿ ಮೌಲ್ಯ 0.05ಕ್ಕಿಂತ ಕಡಿಮೆ, ಹಾಗಾಗಿ ಫಲಿತಾಂಶ ಶೇ 95ರಷ್ಟು ಖಚಿತ’ ಎಂಬರ್ಥದ ಮಾತು ಪದೇ ಪದೇ ಕಾಣಿಸುತ್ತದೆ. ಇದು ತಪ್ಪು. ಸಂಶೋಧಕರೇ ಎಷ್ಟೋ ಸಲ ಹೀಗೆ ಬರೆಯುತ್ತಾರೆ ಎಂಬುದು ಇನ್ನೂ ಕಳವಳದ ಸಂಗತಿ.

ಎರಡು ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಿ. ಆಗಲೂ, ಈಗ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವವೆಷ್ಟು? ಪಿ ಮೌಲ್ಯ ಹೇಳುವುದು ಇಷ್ಟನ್ನೇ. ಊಹೆ ನಿಜವಾಗಿರುವ ಸಂಭವವೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಪರೀಕ್ಷೆಗೊಡ್ಡಿದ 1000 ಊಹೆಗಳಲ್ಲಿ 100 ಮಾತ್ರ ನಿಜ, ನಿಜವಾದುದನ್ನು ಪತ್ತೆಹಚ್ಚುವ ಸಾಮರ್ಥ್ಯ ಶೇ 50 ಎಂದಿಟ್ಟುಕೊಳ್ಳೋಣ. ನಿಜವಾದವುಗಳಲ್ಲಿ 50 ‘ಗಣನೀಯ’ (ಅಂದರೆ ಪಿ 0.05ಕ್ಕಿಂತ ಕಡಿಮೆ) ಎನಿಸುತ್ತವೆ. ಸುಳ್ಳಾದ 900ರಲ್ಲಿ ಶೇ 5, ಅಂದರೆ 45 ಕೂಡ ಹಾಗೆಯೇ ದಾಟಿಬಿಡುತ್ತವೆ. ಒಟ್ಟು 95ರಲ್ಲಿ ಹೆಚ್ಚುಕಡಿಮೆ ಅರ್ಧ ಪೊಳ್ಳು!

ಇದು ಬರೀ ಕಾಗದದ ಲೆಕ್ಕವಲ್ಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದ ಫಲಿತಾಂಶ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೂಲದಲ್ಲಿ 97 ಗಣನೀಯವಾಗಿದ್ದವು. ಮರುಪ್ರಯೋಗದಲ್ಲಿ ಆ ಮಟ್ಟ ಮುಟ್ಟಿದ್ದು ಸುಮಾರು ಶೇ 36. ಪರಿಣಾಮದ ಸರಾಸರಿ ಗಾತ್ರವೂ ಅರ್ಧಕ್ಕೆ ಇಳಿದಿತ್ತು.

ಗಣನೀಯ ಎಂದರೆ ದೊಡ್ಡದು ಎಂದೂ ಅಲ್ಲ. ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 15 ಇರುವ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಗುಂಪಿಗೆ 10,000 ಜನರಿದ್ದರೆ ಅರ್ಧ ಅಂಕಕ್ಕೂ ಕಡಿಮೆ ಅಂತರ ಗಣನೀಯವಾಗುತ್ತದೆ. ಗುಂಪಿಗೆ 20 ಜನರಷ್ಟೇ ಇದ್ದರೆ ಏಳೂವರೆ ಅಂಕದ ಅಂತರಕ್ಕೂ ಪಿ 0.12ರ ಆಸುಪಾಸು ಬರುತ್ತದೆ. ಅದನ್ನು ‘ಪರಿಣಾಮವಿಲ್ಲ’ ಎಂದು ಓದಬಾರದು. ನಿಜವಾದ ಅಂತರ −2ರಿಂದ 17ರವರೆಗೆ ಎಲ್ಲಾದರೂ ಇರಬಹುದು ಎಂದಷ್ಟೇ ಆ ದತ್ತಾಂಶ ಹೇಳುತ್ತಿದೆ.

ಸುಲಭವಾಗಿ ಕಣ್ತಪ್ಪುವ ದೋಷ ಇನ್ನೊಂದಿದೆ. ಚಿಕಿತ್ಸೆ ಪಡೆದ ಗುಂಪಿನ ಸುಧಾರಣೆಗೆ ಪಿ 0.03, ಪಡೆಯದ ಗುಂಪಿನದಕ್ಕೆ 0.08 ಬಂದರೆ ‘ಚಿಕಿತ್ಸೆ ಫಲಿಸಿತು’ ಎಂದು ಬರೆದುಬಿಡುತ್ತಾರೆ. ಎರಡೂ ಗುಂಪುಗಳ ಸುಧಾರಣೆಯನ್ನು ನೇರವಾಗಿ ಹೋಲಿಸದೆ ಹಾಗೆ ಹೇಳಲಾಗದು. ಹೋಲಿಸಿದರೆ ಅಂತರ ಅತ್ಯಲ್ಪವಿರುವ ಸಾಧ್ಯತೆಯೂ ಇದೆ. ಇನ್ನು, ಪರಸ್ಪರ ಸಂಬಂಧವಿಲ್ಲದ 20 ಅಳತೆಗಳನ್ನು ತೆಗೆದುಕೊಂಡರೆ, ಯಾವ ಪರಿಣಾಮವೂ ಇಲ್ಲದಿದ್ದಾಗಲೂ ಒಂದಾದರೂ ಗಣನೀಯವಾಗಿ ಕಾಣುವ ಸಂಭವ ಶೇ 64. ಅದೊಂದನ್ನೇ ಪ್ರಕಟಿಸಿದರೆ ಓದುಗರಿಗೆ ಉಳಿದ 19ರ ಸುಳಿವೂ ಸಿಗುವುದಿಲ್ಲ.

ಪಿ ಮೌಲ್ಯವು ಊಹೆಯ ಸತ್ಯಾಸತ್ಯತೆಯನ್ನಾಗಲಿ, ಪರಿಣಾಮದ ಗಾತ್ರವನ್ನಾಗಲಿ ಅಳೆಯದು ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲೇ ಸ್ಪಷ್ಟಪಡಿಸಿದೆ. ಇಂಥ ಸುದ್ದಿ ಪ್ರಕಟಿಸುವಾಗ ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು, ಅಂತರ ಎಷ್ಟು ಅಂಕ ಅಥವಾ ನಿಮಿಷ, ಅದರ ಶೇ 95ರ ವಿಶ್ವಾಸ ವ್ಯಾಪ್ತಿ (ಮೇಲೆ ಹೇಳಿದ −2ರಿಂದ 17ರಂಥದ್ದು) ಎಲ್ಲಿಂದ ಎಲ್ಲಿಯವರೆಗೆ, ವಿಶ್ಲೇಷಣೆಯ ಯೋಜನೆ ಮೊದಲೇ ನೋಂದಣಿಯಾಗಿತ್ತೇ, ಬೇರೆ ತಂಡ ಮರುಪ್ರಯೋಗ ಮಾಡಿದೆಯೇ ಎಂಬುದನ್ನು ದಯವಿಟ್ಟು ಸೇರಿಸಿ. ಮೊದಲ ಎರಡು ವಿವರಗಳು ಸಾಮಾನ್ಯವಾಗಿ ಪ್ರಬಂಧದಲ್ಲೇ ಸಿಗುತ್ತವೆ.

– ಸಂಖ್ಯಾಶಾಸ್ತ್ರದ ಅಧ್ಯಾಪಕ